ಕುಪ್ಪಳಿಯ ಮನೆಯಲ್ಲಿ ಒಂದು ದಿನ

ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನಚರಿತ್ರೆ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಯಾರ ಬಗ್ಗೆ ಬರೆಯಲಿ ಎಂದು ಯೋಚಿಸುವ ಕೆಲಸವೇ ಇರಲಿಲ್ಲ. ಈ ಶಾಲೆಯಲ್ಲಿ 22 ವರ್ಷ ಕನ್ನಡ ಪಾಠ ಮಾಡಿದವನು ನಾನು. ಕುವೆಂಪು ಯಾರು ಎಂದು ಕೇಳಿದರೆ ನಮ್ಮ ಮಕ್ಕಳು ಕವಿ ಪರಿಚಯವನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದರು. ಹುಟ್ಟಿದ ವರ್ಷ, ಊರು, ನಾಲ್ಕು ಕೃತಿ, ಮೂರು ಪ್ರಶಸ್ತಿ. ಪರೀಕ್ಷೆಗೆ ಅಷ್ಟು ಸಾಕು. ನಾನೂ ಹಾಗೆಯೇ ಕಲಿಸಿದೆ, ಸುಳ್ಳೇಕೆ ಹೇಳಲಿ. ಆದರೆ ಒಂದು ವರ್ಷ 10ನೇ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ, ಕುಪ್ಪಳಿಯ ಕವಿಮನೆಯ ಜಗಲಿಯ ಮೇಲೆ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ಕನ್ನಡ ಮೇಷ್ಟರಾದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ಏನೆಂದು ಮುಂದೆ ಹೇಳುತ್ತೇನೆ. ಮೊದಲು ಮನೆಯನ್ನು ನೋಡೋಣ.

ಕುಪ್ಪಳಿ ಇರುವುದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ದಾರಿಯಿಂದ ಒಳಗೆ ತಿರುಗಬೇಕು. ನಮ್ಮ ಬಯಲುಸೀಮೆಯವರ ಕಣ್ಣಿಗೆ ಅದು ಊರೇ ಅಲ್ಲ. ಊರೆಂದರೆ ನಮಗೆ ಬೀದಿ, ಅಗಸೆ, ಅರಳಿಕಟ್ಟೆ, ಗೋಡೆಗೆ ಗೋಡೆ ತಾಗಿದ ಮನೆಗಳು. ಅಲ್ಲಿ ಒಂದು ಮನೆ, ಅದರ ಮುಂದೆ ಅಡಕೆ ತೋಟ, ಹಿಂದೆ ಕಾಡು ಹತ್ತಿದ ಗುಡ್ಡ. ಅಷ್ಟೇ. ಇನ್ನೊಂದು ಮನೆ ನೋಡಬೇಕಾದರೆ ಗುಡ್ಡ ಇಳಿದು ಗದ್ದೆ ದಾಟಬೇಕು. ನಾವು ಹೋದದ್ದು ನವೆಂಬರ್ ಮೊದಲ ವಾರ, ಆ ವರ್ಷ ಮಳೆ ಇನ್ನೂ ಪೂರ್ತಿ ಹಿಂದೆ ಸರಿದಿರಲಿಲ್ಲ. ಬಸ್ಸು ನಿಂತಾಗ ಸಣ್ಣಗೆ ಜಿನುಗುತ್ತಿತ್ತು. ಮಳೆ ಬಂದರೆ ಶಾಲೆಗೆ ರಜೆ ಕೇಳುವ ನಮ್ಮ ಹುಡುಗರು ಬಾಯಿ ತೆರೆದು ಕಾಡನ್ನೇ ನೋಡುತ್ತ ನಿಂತುಬಿಟ್ಟರು.

ಮನೆ ದೊಡ್ಡದು. ಹೆಂಚಿನ ಮಾಡು, ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ, ಕೆತ್ತನೆಯ ಮರದ ಕಂಬಗಳು, ಮೇಲೆ ಉಪ್ಪರಿಗೆ. ಆ ಕಂಬಗಳಿಗೆ ಮಲೆನಾಡಿನಲ್ಲಿ ಮುಂಡಿಗೆ ಎನ್ನುತ್ತಾರೆ. ಒಬ್ಬರು ತಬ್ಬಿದರೆ ಕೈ ಕೂಡುವುದು ಕಷ್ಟ. ಒಳಗೆ ಆ ಕಾಲದ ಪಾತ್ರೆ ಪಗಡಗಳು, ಬೀಸುವ ಕಲ್ಲು, ಒರಳು, ಮರದ ಪೆಟ್ಟಿಗೆಗಳು, ಹಳೆಯ ಛಾಯಾಚಿತ್ರಗಳು, ಕವಿಯ ಪುಸ್ತಕಗಳು, ಅವರಿಗೆ ಸಂದ ಗೌರವಗಳು. ಎಲ್ಲವನ್ನೂ ಒಪ್ಪವಾಗಿ ಇಟ್ಟಿದ್ದಾರೆ. ನೆಲ ಕನ್ನಡಿಯ ಹಾಗೆ. ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ, ಏನನ್ನೂ ಮುಟ್ಟದೆ ನೋಡಬೇಕು. ನಮ್ಮ ಮಕ್ಕಳು ಅಪರೂಪಕ್ಕೆ ಹೇಳಿದ ಹಾಗೆ ಕೇಳಿದರು.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಹುಟ್ಟಿದ್ದು ಈ ಮನೆಯಲ್ಲಿ ಅಲ್ಲ. 1904ರ ಡಿಸೆಂಬರ್ 29ರಂದು, ತಾಯಿ ಸೀತಮ್ಮನವರ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲೂ ಇರುವ ಪದ್ಧತಿಯೇ. ತಂದೆ ವೆಂಕಟಪ್ಪ ಗೌಡರು ಕುಪ್ಪಳಿಯವರು. ಬಾಣಂತನ ಮುಗಿಸಿ ಮಗು ಬಂದು ಸೇರಿದ್ದು, ಅಂಬೆಗಾಲಿಟ್ಟದ್ದು, ಬುದ್ಧಿ ತಿಳಿದದ್ದು ಈ ಅಂಗಳದಲ್ಲಿ. ಅದು ಕೂಡುಕುಟುಂಬ. ತೋಟ, ಗದ್ದೆ, ದನಕರು, ಬೇಟೆನಾಯಿ, ಬಂದು ಹೋಗುವ ನಂಟರು, ಆಳುಕಾಳು, ಎಲ್ಲ ಸೇರಿ ಒಂದು ಸಣ್ಣ ಊರಿನಷ್ಟು ಜನ ಆ ಒಂದು ಮನೆಯ ಒಲೆಯನ್ನು ನಂಬಿದ್ದರು.

ಒಂದು ವಿಷಯ ಮಾತ್ರ ಅಲ್ಲಿರಲಿಲ್ಲ. ಶಾಲೆ. ಸುತ್ತ ನಡೆದು ಹೋಗುವಷ್ಟು ದೂರದಲ್ಲಿ ಸರ್ಕಾರಿ ಶಾಲೆ ಇಲ್ಲದ ಕಾಲ ಅದು. ಅನುಕೂಲ ಇದ್ದ ಮಲೆನಾಡಿನ ಮನೆಗಳು ಘಟ್ಟದ ಕೆಳಗಿನಿಂದ ಒಬ್ಬ ಮೇಷ್ಟರನ್ನು ಕರೆಸಿ, ಊಟ ವಸತಿ ಕೊಟ್ಟು, ಮನೆಯ ಹುಡುಗರಿಗೆ ಅಕ್ಷರ ಕಲಿಸುತ್ತಿದ್ದವು. ಅಂಥ ಮೇಷ್ಟರಿಗೆ ಅಲ್ಲಿ ಐಗಳು ಎನ್ನುತ್ತಿದ್ದರು. ಕುಪ್ಪಳಿಗೂ ದಕ್ಷಿಣ ಕನ್ನಡದಿಂದ ಹಾಗೆ ಒಬ್ಬರು ಬಂದರು. ಮನೆಯ ಉಪ್ಪರಿಗೆಯೇ ಶಾಲೆಯಾಯಿತು. ಮುಂದೆ ಜ್ಞಾನಪೀಠ ಪಡೆದ ಕೈ ಮೊದಲು ಅಕ್ಷರ ತಿದ್ದಿದ್ದು ಅಲ್ಲಿ.

ಉಪ್ಪರಿಗೆಯ ಮರದ ಮೆಟ್ಟಿಲ ಬಳಿ ನಿಂತು ನಾನು ಮಕ್ಕಳಿಗೆ ಇದನ್ನು ಹೇಳಿದೆ. ನಮ್ಮ ಶಾಲೆಯೂ 50 ವರ್ಷದ ಹಿಂದೆ ಪಂಚಾಯಿತಿ ಕಟ್ಟಡದ ಎರಡು ಕೋಣೆಯಲ್ಲಿ ಶುರುವಾದದ್ದು ಎಂದೂ ಸೇರಿಸಿದೆ. ಹುಡುಗರಿಗೆ ಹುಮ್ಮಸ್ಸು ಬಂತು. ಆಗ ಸಾಲಿನ ಕೊನೆಯಲ್ಲಿದ್ದ ಆ ಹುಡುಗಿ ಕೈ ಎತ್ತಿದಳು. ತರಗತಿಯಲ್ಲಿ ಎಂದೂ ಕೈ ಎತ್ತಿದವಳಲ್ಲ. ಅವಳ ತಂದೆ ತಾಯಿ ಇಬ್ಬರೂ ಕೂಲಿಗೆ ಹೋಗುವವರು. ಅವಳು ಕೇಳಿದ್ದು ಇಷ್ಟು: ಈ ಮನೆಯಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಎಲ್ಲಿ ಮಲಗುತ್ತಿದ್ದರು, ಅವರ ಮಕ್ಕಳೂ ಈ ಉಪ್ಪರಿಗೆಗೆ ಓದಲು ಬರುತ್ತಿದ್ದರಾ ಸಾರ್?

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಬರುತ್ತಿರಲಿಲ್ಲ ಎಂದು ಹೇಳಬಹುದಿತ್ತು, ಅದು ನಿಜವೇ. ಆ ಕಾಲದಲ್ಲಿ ಅಂಥ ಮನೆಗಳ ಸ್ವಂತ ಹೆಣ್ಣುಮಕ್ಕಳಿಗೇ ಅಕ್ಷರ ಅಪರೂಪ, ಆಳುಗಳ ಮಕ್ಕಳ ಮಾತೆಲ್ಲಿ ಬಂತು. ಆಳುಗಳಲ್ಲಿ ಹಲವರು ಜಗಲಿಯನ್ನೂ ಏರುವಂತಿರಲಿಲ್ಲ. ಅಂಗಳದ ಅಂಚಿನಲ್ಲಿ ನಿಂತೇ ಮಾತಾಡಿ, ಅಲ್ಲೇ ಕೊಟ್ಟದ್ದನ್ನು ತೆಗೆದುಕೊಂಡು ಹೋಗಬೇಕು. ಅವರ ಬಿಡಾರಗಳು, ಕೇರಿಗಳು ಗದ್ದೆಯ ಆಚೆ, ಕಾಡಿನ ಅಂಚಿನಲ್ಲಿ. ಹುಲ್ಲು, ಸೋಗೆಯ ಮಾಡು, ಮಣ್ಣಿನ ಗೋಡೆ. ಎರಡು ಮಳೆಗಾಲ ಹೊದಿಸದೆ ಬಿಟ್ಟರೆ ಕರಗಿ ಹೋಗುವಂಥವು. ಅವನ್ನು ಯಾರೂ ಕಾಪಾಡಿಟ್ಟಿಲ್ಲ. ಕಾಪಾಡಿಡಲು ಅಲ್ಲಿ ಮುಂಡಿಗೆಯೂ ಇರಲಿಲ್ಲ, ಹೆಂಚೂ ಇರಲಿಲ್ಲ.

ಆದರೆ ಉತ್ತರ ಅಷ್ಟಕ್ಕೇ ಮುಗಿಯುವುದಿಲ್ಲ. ಪೂರ್ತಿ ಉತ್ತರ ಹೇಳಬೇಕಾದರೆ ಆ ಉಪ್ಪರಿಗೆಯ ಹುಡುಗ ಮುಂದೆ ಏನಾದ ಎಂಬುದನ್ನು ಹೇಳಬೇಕು.

ಅಕ್ಷರ ಕಲಿತ ಹುಡುಗನನ್ನು ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಗೆ ಸೇರಿಸಿದರು. ಮನೆ ಬಿಟ್ಟದ್ದು ಅದೇ ಮೊದಲು. ಹನ್ನೆರಡು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ನಮ್ಮಂಥ ಊರುಗಳಲ್ಲಿ ಹನ್ನೆರಡನೇ ವಯಸ್ಸಿಗೆ ತಂದೆ ಇಲ್ಲವಾದರೆ ಏನಾಗುತ್ತದೆ ಎಂದು ಇಲ್ಲಿನ ಹಿರಿಯರಿಗೆ ಹೇಳಬೇಕಾಗಿಲ್ಲ. ಹುಡುಗನ ಕೈಗೆ ಮೊದಲು ಬರುವುದು ಬಾರುಗೋಲು. ಈ ಹುಡುಗನ ಓದು ಮಾತ್ರ ನಿಲ್ಲಲಿಲ್ಲ. ತೀರ್ಥಹಳ್ಳಿಯಿಂದ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ, ಅಲ್ಲಿಂದ ಮಹಾರಾಜಾ ಕಾಲೇಜಿಗೆ. ಕಾಡಿನ ನಡುವಿನ ಒಂಟಿ ಮನೆಯಿಂದ ಅರಮನೆಯ ಊರಿಗೆ ಬಂದ ಹುಡುಗನಿಗೆ ಮೈಸೂರಿನಲ್ಲಿ ಪುಸ್ತಕಗಳು ಸಿಕ್ಕವು, ಇಂಗ್ಲಿಷ್ ಕವಿಗಳು ಸಿಕ್ಕರು. ಅವರಂತೆಯೇ ಬರೆಯುವ ಆಸೆ ಹುಟ್ಟಿತು. 1922ರಲ್ಲಿ ಬಿಗಿನರ್ಸ್ ಮ್ಯೂಸ್ ಎಂಬ ಇಂಗ್ಲಿಷ್ ಕವಿತೆಗಳ ಪುಟ್ಟ ಪುಸ್ತಕವೂ ಅಚ್ಚಾಯಿತು. ಕುವೆಂಪು ಮೊದಲು ಇಂಗ್ಲಿಷ್ ಕವಿಯಾಗಲು ಹೊರಟವರು ಎಂದರೆ ನಮ್ಮ ಮಕ್ಕಳು ನಂಬುವುದೇ ಇಲ್ಲ.

ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಈ ತರುಣ ತನ್ನ ಇಂಗ್ಲಿಷ್ ಪದ್ಯಗಳನ್ನು ಹಿಡಿದುಕೊಂಡು ಹೋಗಿ ತೋರಿಸಿದ. ಕಸಿನ್ಸ್ ಓದಿ, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ವಿಚಾರಿಸಿದರು, ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದರು. ತರುಣನಿಗೆ ಆ ಕ್ಷಣ ಬೇಸರವೇ ಆಯಿತು. ಮೆಚ್ಚುಗೆ ಕೇಳಲು ಹೋದವನಿಗೆ ಉಪದೇಶ ಸಿಕ್ಕರೆ ಇನ್ನೇನಾಗುತ್ತದೆ? ಆದರೆ ಮಾತು ನಾಟಿತು. ಕಿಶೋರ ಚಂದ್ರವಾಣಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವನು ಮುಂದೆ ಕುವೆಂಪು ಆದ. ಕು ಎಂದರೆ ಕುಪ್ಪಳಿ. ಸಹಿ ಹಾಕಿದಾಗಲೆಲ್ಲ ಮನೆಯ ಹೆಸರು ಮೊದಲು.

ಆ ಮೈಸೂರಿನ ದಿನಗಳು ಸುಖದ್ದಾಗಿರಲಿಲ್ಲ. ಕೋಣೆ ಹಿಡಿದು ಒಬ್ಬನೇ ಇರುವ ವಿದ್ಯಾರ್ಥಿ, ಊರು ದೂರ, ಕಾಯಿಲೆಯೂ ಕಾಡಿತು. ಮೈಸೂರಿನ ಶ್ರೀರಾಮಕೃಷ್ಣಾಶ್ರಮ ಅವರಿಗೆ ಆಸರೆ ಕೊಟ್ಟಿತು. ಸ್ವಾಮಿ ಸಿದ್ಧೇಶ್ವರಾನಂದರು ಮಗನಂತೆ ನೋಡಿಕೊಂಡರು. 1929ರಲ್ಲಿ ಓದು ಮುಗಿಯಿತು, ಅದೇ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. 1930ರಲ್ಲಿ ಕೊಳಲು ಕವನ ಸಂಕಲನ ಬಂತು. 1933ರಲ್ಲಿ ಮಲೆನಾಡಿನ ಚಿತ್ರಗಳು.

1936ರಲ್ಲಿ ಕಾನೂರು ಹೆಗ್ಗಡಿತಿ ಕಾದಂಬರಿ ಬಂತು. ಆಗ ಅವರಿಗೆ 32 ತುಂಬಿರಲಿಲ್ಲ. ನನ್ನ ಮಟ್ಟಿಗೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಶುರುವಾಗುವುದು ಇಲ್ಲಿಂದ. ಮನೆ ಬಿಟ್ಟು ದೂರ ಹೋದ ಲೇಖಕರು ಸಾಮಾನ್ಯವಾಗಿ ಬಾಲ್ಯದ ಮನೆಯನ್ನು ಸಿಹಿ ಮಾಡಿ ಬರೆಯುತ್ತಾರೆ. ಅಜ್ಜಿಯ ಕಥೆ, ಮಳೆಯ ಸದ್ದು, ಹಲಸಿನ ಹಪ್ಪಳ. ಅದೆಲ್ಲ ಕುವೆಂಪು ಅವರಲ್ಲೂ ಇದೆ. ಕಾಡಿನ ಬೆಳಗು ಬೈಗುಗಳನ್ನು ಅವರಂತೆ ಕಂಡವರು ಯಾರು? ಆದರೆ ಕಾನೂರಿನ ದೊಡ್ಡ ಮನೆಯ ಒಳಗೆ ಹೊಕ್ಕು ನೋಡಿ. ಚಂದ್ರಯ್ಯಗೌಡರ ದರ್ಪ, ಮೂರನೆಯ ಹೆಂಡತಿಯಾಗಿ ಬಂದ ಸುಬ್ಬಮ್ಮನ ಪಾಡು, ಮೂಢನಂಬಿಕೆ, ಸಂಶಯ, ಹೊಡೆತ, ಕೊನೆಗೆ ಮನೆ ಪಾಲಾಗುವುದು. ಮೈಸೂರಿನಲ್ಲಿ ಓದಿ ಬಂದ ಹೂವಯ್ಯ ಆ ಮನೆಯಲ್ಲಿ ಇರಲಾರದೆ ಕೆಳಕಾನೂರಿಗೆ ಹೊರಟುಹೋಗುತ್ತಾನೆ. ತನ್ನಂಥದೇ ಮನೆತನದ ಮಾಡನ್ನು ಎತ್ತಿ, ಒಳಗಿನ ಕತ್ತಲೆಯನ್ನು ಊರಿಗೆಲ್ಲ ತೋರಿಸಿದ ಪುಸ್ತಕ ಅದು. ಅದೇ ಪುಸ್ತಕದಲ್ಲಿ, ಮಾಲೀಕನ ಕಣ್ಣು ತಪ್ಪಿಸಿ ಬಗನಿ ಕಳ್ಳು ಇಳಿಸುವ ಬೈರನೂ ಇದ್ದಾನೆ, ಗಾಡಿ ಹೊಡೆಯುವ ನಿಂಗನೂ ಇದ್ದಾನೆ. ಅವರಿಗೆ ಅವರದೇ ಹೆಂಡತಿ ಮಕ್ಕಳು, ಅವರದೇ ಜಗಳ, ಅವರದೇ ನಗೆ. ಗೌಡರ ಕಥೆಗೆ ನೀರು ಹೊರಲು ಬಂದವರಲ್ಲ ಅವರು.

ಇದಾದ ಮೂರು ದಶಕದ ಮೇಲೆ, 1967ರಲ್ಲಿ, ಮಲೆಗಳಲ್ಲಿ ಮದುಮಗಳು ಬಂತು. ಆ ಹೊತ್ತಿಗೆ ಅವರು ಕಾದಂಬರಿಯನ್ನು ಹೊಸದಾಗಿ ಬರೆದು ಏನೂ ಸಾಧಿಸಬೇಕಾಗಿರಲಿಲ್ಲ. 1936ರಲ್ಲಿ ಕೈಗೆತ್ತಿಕೊಂಡು 10 ವರ್ಷ ಬರೆದ ಶ್ರೀ ರಾಮಾಯಣ ದರ್ಶನಂ ಅಚ್ಚಾಗಿ, 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಿತ್ತು. ಮೈಸೂರು ವಿಶ್ವವಿದ್ಯಾನಿಲಯಕ್ಕೆ 1956ರಿಂದ 60ರವರೆಗೆ ಕುಲಪತಿಗಳಾಗಿದ್ದರು, ಮಾನಸಗಂಗೋತ್ರಿಯನ್ನು ಕಟ್ಟಿ ಅದಕ್ಕೆ ಹೆಸರಿಟ್ಟಿದ್ದರು. 1964ರಲ್ಲಿ ರಾಷ್ಟ್ರಕವಿ ಎನಿಸಿಕೊಂಡರು. ಇಷ್ಟೆಲ್ಲ ಆದ ಮೇಲೆ, ಒಂಟಿಕೊಪ್ಪಲಿನ ಉದಯರವಿ ಮನೆಯಲ್ಲಿ ಕುಳಿತು, ಅರವತ್ತು ದಾಟಿದ ಕವಿ ಮತ್ತೆ ಕಾಡಿನ ಕಾಲುದಾರಿಗೆ ಇಳಿದರು. ಈ ಸಲ ದೊಡ್ಡಮನೆಯ ಹೆಬ್ಬಾಗಿಲಿನಿಂದ ಅಲ್ಲ. ಕಾದಂಬರಿ ಶುರುವಾದಾಗ ನಾವು ಕಾಣುವುದು ಗುತ್ತಿ ಎಂಬ ಜೀತದಾಳನ್ನು, ಅವನ ಹಿಂದೆ ಮುಂದೆ ಓಡುವ ಹುಲಿಯ ಎಂಬ ನಾಯಿಯನ್ನು. ಗುತ್ತಿ ತಾನು ಮೆಚ್ಚಿದ ತಿಮ್ಮಿಯನ್ನು ಕರೆದುಕೊಂಡು ಹೋಗಿ ಬಾಳಬೇಕು. ಅದಕ್ಕೆ ಎರಡು ಕಡೆಯ ಒಡೆಯರೂ ಅಡ್ಡ. ಐತ ಪೀಂಚಲು ಎಂಬ ಬಡ ಜೋಡಿಯ ಪ್ರೀತಿಗೆ, ಗೌಡರ ಮನೆಯ ಮುಕುಂದಯ್ಯ ಚಿನ್ನಮ್ಮರ ಪ್ರೀತಿಗೆ ಕೊಟ್ಟಷ್ಟೇ ಜಾಗ, ಅಷ್ಟೇ ಮರ್ಯಾದೆ. ಇವನೇ ನಾಯಕ ಎಂದು ಬೆರಳು ಮಾಡಿ ತೋರಿಸುವುದು ಕಷ್ಟ. ಕೊನೆಯಲ್ಲಿ ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋಗುವ ಭಾಗವನ್ನು ನಾನು ತರಗತಿಯಲ್ಲಿ ಓದಲು ಎರಡು ಸಲ ಪ್ರಯತ್ನಪಟ್ಟು ಎರಡು ಸಲವೂ ಪುಸ್ತಕ ಮುಚ್ಚಿದ್ದೇನೆ.

ಇದನ್ನೆಲ್ಲ ಮಕ್ಕಳಿಗೆ ಮೆಟ್ಟಿಲ ಬಳಿ ನಿಂತೇ ಹೇಳಿದೆ, ಇಷ್ಟು ಉದ್ದವಾಗಿ ಅಲ್ಲ. ಕೆಲಸದವರು ಎಲ್ಲಿ ಮಲಗುತ್ತಿದ್ದರು ಎಂಬುದು ಈ ಮನೆಯಲ್ಲಿ ಕಾಣುವುದಿಲ್ಲ, ಆ ಪುಸ್ತಕದಲ್ಲಿ ಕಾಣುತ್ತದೆ ಎಂದೆ. ಅವರ ಬಿಡಾರದ ಒಲೆ, ಹರಕು ಕಂಬಳಿ, ಸೋರುವ ಮಾಡು, ಅವರು ಬೈದುಕೊಳ್ಳುವ ಮಾತು, ಎಲ್ಲ ಅಲ್ಲಿದೆ ಎಂದೆ. ಉಪ್ಪರಿಗೆಯಲ್ಲಿ ಓದಿದ ಹುಡುಗ ಅಂಗಳದ ಅಂಚಿನಲ್ಲಿ ನಿಂತವರನ್ನೂ ನೋಡಿಟ್ಟುಕೊಂಡಿದ್ದ. ಅವಳು ತಲೆ ಆಡಿಸಿದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದಿನ ಹುಡುಗರು ಊಟದ ವಿಷಯ ತೆಗೆದರು.

ಸಂಸಾರದ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಆಶ್ರಮದ ವಾತಾವರಣದಲ್ಲಿದ್ದ ಅವರು ಮದುವೆಯಾಗುವುದೇ ಇಲ್ಲವೇನೋ ಎಂದು ಹತ್ತಿರದವರಿಗೆ ಅನುಮಾನವಿದ್ದ ಕಾಲವಿತ್ತು. 1937ರಲ್ಲಿ ದೇವಂಗಿಯ ಹೇಮಾವತಿಯವರನ್ನು ವರಿಸಿದರು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹಿರಿಯವರಾದ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಕುಳಿತು ತಮ್ಮದೇ ಬೇರೆ ಕಾಡನ್ನು ಕನ್ನಡಕ್ಕೆ ಕೊಟ್ಟರು. ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ, ಆಡಂಬರವಿಲ್ಲದ ಮಂತ್ರಮಾಂಗಲ್ಯ ಎಂಬ ಮದುವೆಯ ಪದ್ಧತಿಯನ್ನು ಕುವೆಂಪು ರೂಪಿಸಿದರು. ಕುಪ್ಪಳಿಯಲ್ಲೇ ಹೇಮಾಂಗಣ ಎಂಬ ಸಭಾಂಗಣವಿದೆ, ಆ ಪದ್ಧತಿಯ ಮದುವೆಗಳು ಅಲ್ಲಿ ನಡೆಯುತ್ತವೆ. ನಮ್ಮೂರಲ್ಲಿ ಮಗಳ ಮದುವೆಗೆ ಹೊಲ ಮಾರಿದವರನ್ನು ನಾನು ಬಲ್ಲೆ. ಹಾಗಾಗಿ ಹೇಮಾಂಗಣವನ್ನು ಮಕ್ಕಳಿಗೆ ತಪ್ಪದೆ ತೋರಿಸಿದೆ.

ಮಲೆನಾಡಿನ ಮಳೆಗೆ ಮರದ ಮನೆ ತಾನಾಗಿ ಉಳಿಯುವುದಿಲ್ಲ. ಗೆದ್ದಲು, ತೇವ, ಬಿದ್ದ ಹೆಂಚು. ಒಂದು ಕಡೆ ಸೋರಲು ಬಿಟ್ಟರೆ ಮುಂಡಿಗೆಯೇ ಕುಂಬಾಗುತ್ತದೆ. ಕುಪ್ಪಳಿಯ ಮನೆಗೂ ಅಂಥ ಕಾಲ ಬಂದಿತ್ತು. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ 1992ರಲ್ಲಿ ಹುಟ್ಟಿತು. ಮನೆಯನ್ನು ಜೀರ್ಣೋದ್ಧಾರ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಅದೇ 1992ರಲ್ಲಿ ಕರ್ನಾಟಕ ರತ್ನ ಪ್ರಶಸ್ತಿ ಬಂದಾಗ ಕವಿಗೆ 87 ವರ್ಷ. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. ದೇಹವನ್ನು ಕುಪ್ಪಳಿಗೆ ತಂದು, ಮನೆಯ ಹಿಂದಿನ ಗುಡ್ಡದ ನೆತ್ತಿಯ ಮೇಲೆ, ಕವಿಶೈಲದಲ್ಲಿ ಮಣ್ಣಾಗಿಸಿದರು. ಹುಡುಗನಾಗಿದ್ದಾಗ ಹತ್ತಿ ಕೂತು ಮುಳುಗುವ ಸೂರ್ಯನನ್ನು ನೋಡುತ್ತಿದ್ದ ಬಂಡೆ ಅದು. ಬಿ.ಎಂ.ಶ್ರೀಕಂಠಯ್ಯ, ಟಿ.ಎಸ್.ವೆಂಕಣ್ಣಯ್ಯ ಮುಂತಾದ ಗುರುಗಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಅವರ ಹೆಸರಿನ ಮೊದಲಕ್ಷರಗಳು ಕಲ್ಲಿನ ಮೇಲಿವೆ. ಈಗ ಅಲ್ಲಿ ದೊಡ್ಡ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ನನಗೆ ಆ ಕಲ್ಲುಗಳಿಗಿಂತ ಆಚೆಯ ಕಣಿವೆಯೇ ಹೆಚ್ಚು ಹಿಡಿಸಿತು, ಅದು ನನ್ನ ಅಭಿರುಚಿ.

2015ರ ನವೆಂಬರಿನಲ್ಲಿ ಒಂದು ರಾತ್ರಿ ಕವಿಮನೆಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದೊಯ್ದರು. ಸುದ್ದಿ ಓದಿದಾಗ ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಆ ದಿನ ಬೇರೆ ಮಾತೇ ಇರಲಿಲ್ಲ. ಪ್ರವಾಸಕ್ಕೆ ಬಂದಿದ್ದ ಹಳೆಯ ವಿದ್ಯಾರ್ಥಿಗಳೂ ಕೆಲವರು ಫೋನು ಮಾಡಿದರು, ತಮ್ಮ ಮನೆಗೇ ಕಳ್ಳರು ನುಗ್ಗಿದ ಹಾಗೆ.

ಪ್ರವಾಸದ ಕಥೆ ಮುಗಿಸುತ್ತೇನೆ. ಕವಿಶೈಲದಿಂದ ಇಳಿದು ಬಸ್ಸು ಹತ್ತಿಸುವಾಗ ತಲೆ ಎಣಿಸಿದರೆ ಒಂದು ಕಡಿಮೆ. ಎದೆ ಧಸಕ್ಕೆಂದಿತು. ಕತ್ತಲಾಗುತ್ತಿತ್ತು, ಸುತ್ತ ಕಾಡು. ಹುಡುಕಿದರೆ ಆ ಹುಡುಗಿಯೇ. ತೋಟದ ಅಂಚಿನಲ್ಲಿ ಒಬ್ಬಳೇ ನಿಂತಿದ್ದಳು. ಬೈಯಬೇಕೆಂದು ಹೋದವನು ಏನು ಮಾಡುತ್ತಿದ್ದೀಯೆ ಎಂದಷ್ಟೇ ಕೇಳಿದೆ. ಬಿಡಾರ ಎಲ್ಲಿತ್ತು ಎಂದು ನೋಡುತ್ತಿದ್ದೆ ಸಾರ್, ಏನೂ ಕಾಣಲಿಲ್ಲ ಎಂದಳು. ಬಸ್ಸಿನಲ್ಲಿ ಕೂತ ಮೇಲೆ ಅವಳ ಪಾದಕ್ಕೆ ಎರಡು ಇಂಬಳ ಹತ್ತಿದ್ದು ಗೊತ್ತಾಗಿ ಗಲಾಟೆಯಾಯಿತು. ಚಾಲಕರು ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಮುಟ್ಟಿಸಿ ಬಿಡಿಸಿದರು. ನಮ್ಮ ಹುಡುಗರಲ್ಲಿ ಯಾರೂ ಅದುವರೆಗೆ ಇಂಬಳ ನೋಡಿರಲಿಲ್ಲ.

ಮುಂದಿನ ಸೋಮವಾರ ಅವಳು ಗ್ರಂಥಾಲಯಕ್ಕೆ ಬಂದು ಮಲೆಗಳಲ್ಲಿ ಮದುಮಗಳು ಕೇಳಿದಳು. ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಏಳುನೂರು ಪುಟದ ಪುಸ್ತಕ ಕೊಡುವುದೋ ಬೇಡವೋ ಎಂದು ಅನುಮಾನಿಸುತ್ತಲೇ ಕೊಟ್ಟೆ. ಸಂಕ್ರಾಂತಿ ಕಳೆದ ಮೇಲೆ ವಾಪಸು ತಂದಳು, ಹೊಸ ರಟ್ಟು ಹಾಕಿಸಿ. ಆ ಪ್ರತಿ ಈಗಲೂ ಶಾಲೆಯ ಗ್ರಂಥಾಲಯದಲ್ಲಿದೆ, ಕಿಟಕಿಯ ಪಕ್ಕದ ಕಪಾಟು, ಕೆಳಗಿನಿಂದ ಎರಡನೆಯ ಸಾಲು. ಹಳೆಯ ವಿದ್ಯಾರ್ಥಿಗಳು ಸಮಾರಂಭಕ್ಕೆ ಬಂದಾಗ ನೋಡಬಹುದು.